ಮೇಲಿನ ಸಾಲು ಕಟ್ಟಿಕೊಂಡು ಸಿಂಹಳಕ್ಕೆ

ನೌಬಾದ, ಬೀದರ್

ವಿದೇಶಕ್ಕೆ ಹೊರಟವರು ಸೂಟ್‌ಕೇಸು ತೂಗಿ ನೋಡುತ್ತಾರೆ. ನಾನು ಕನ್ನಡಿ ಮುಂದೆ ನಿಂತು ‘ಸ, ಸ, ಸ’ ಅನ್ನುತ್ತಿದ್ದೆ.

ಶ್ರೀಲಂಕಾಕ್ಕೆ ಹೊರಡಲು ಹನ್ನೆರಡು ದಿನ ಉಳಿದಿದ್ದಾಗ ನನ್ನ ಮೇಲಿನ ದವಡೆಗೆ ಹೊಸ ಹಲ್ಲಿನ ಸಾಲು ಕೂತಿತು. ಮಲಗುವಾಗ ತೆಗೆದು ನೀರಿನ ಲೋಟದಲ್ಲಿ ಹಾಕಿಡುವ ಸೆಟ್ಟಲ್ಲ ಇದು. ದವಡೆಯ ಎಲುಬಿನೊಳಗೆ ಆರು ಸ್ಕ್ರೂ ಇಳಿಸಿ, ಎಲುಬು ಅವನ್ನು ಗಟ್ಟಿಯಾಗಿ ಹಿಡಿದುಕೊಳ್ಳಲಿ ಎಂದು ಆರು ತಿಂಗಳು ಕಾದು, ಆಮೇಲೆ ಅವುಗಳ ಮೇಲೆ ಇಡೀ ಸಾಲನ್ನು ಒಂದೇ ತುಂಡಾಗಿ ಬಿಗಿಯುತ್ತಾರೆ. ಕಾಯುವ ಕಾಲಕ್ಕೆ ಹಗುರಾದ ಪ್ಲಾಸ್ಟಿಕ್ ಹಲ್ಲು ಕೊಟ್ಟಿದ್ದರು. ಅದು ಬಾಡಿಗೆ ಮನೆ, ಇದು ಸ್ವಂತ ಮನೆ ಎಂದು ಕಂಡಕಂಡವರಿಗೆಲ್ಲ ಹೇಳುತ್ತ ತಿರುಗಿದೆ.

ಮೂವತ್ತೊಂದು ವರ್ಷ ನಾನು ಬಸ್ ಕಂಡಕ್ಟರ್. ಬೀದರ್‌ನಿಂದ ಭಾಲ್ಕಿ, ಬೀದರ್‌ನಿಂದ ಔರಾದ, ಈ ಎರಡೇ ರೂಟಿನಲ್ಲಿ ಆಯುಷ್ಯದ ಅರ್ಧ ಕಳೆದೆ. ಕೈಯಲ್ಲಿ ಟಿಕೆಟ್ಟು, ಬಾಯಲ್ಲಿ ತಂಬಾಕು. ತಂಬಾಕು ತನ್ನ ಕೆಲಸ ತಾನು ಮಾಡಿತು. ನಿವೃತ್ತಿಯ ಹೊತ್ತಿಗೆ ಒಸಡು ಸಡಿಲಾಗಿ, ಮೇಲಿನ ಹಲ್ಲುಗಳು ಸ್ಟಾಪ್ ಬಂದ ಪ್ರಯಾಣಿಕರ ಹಾಗೆ ಒಂದೊಂದಾಗಿ ಇಳಿದು ಹೋದವು. ಕೊನೆಗೆ ಉಳಿದ ಒಂಬತ್ತನ್ನು ಬೀದರ್‌ನ ಡಾಕ್ಟರಮ್ಮ ಕಿತ್ತರು.

“ಕಾಕಾ, ಇನ್ನಾ ನಾಕ್ ವರ್ಷ ಮೊದಲ ಬಂದಿದ್ರ ಇವು ಉಳೀತಿದ್ವು ನೋಡ್ರಿ. ಈಗ ತಂಬಾಕ ಬಿಟ್ರ ಮಾತ್ರ ಸ್ಕ್ರೂ ಹಾಕ್ತೇನಿ” ಎಂದರು. ಬಿಟ್ಟೆ.

ಹೆಂಡತಿ ಬಿಡು ಅಂದಾಗ ಬಿಡದವನು, ಮಗಳು ಅತ್ತಾಗ ಬಿಡದವನು, ಯಾಕೆ ಬಿಟ್ಟೆ ಎಂದರೆ ಒಂದು ಅಕ್ಷರಕ್ಕೆ. ನಾನು ಹಲ್ಲು ಹಾಕಿಸಿಕೊಂಡದ್ದು ಊಟಕ್ಕಲ್ಲ. ನಮ್ಮ ಓಣಿಯ ಬುದ್ಧವಿಹಾರದಲ್ಲಿ ಹದಿನೆಂಟು ವರ್ಷ, ಪ್ರತಿ ಭಾನುವಾರ, ವಂದನೆಯ ಪಾಲಿ ಸಾಲುಗಳನ್ನು ಮೊದಲು ಹೇಳುವವನು ನಾನು. ನಾನು ಹೇಳಿದ ಮೇಲೆ ಉಳಿದವರು ಹೇಳುತ್ತಾರೆ. ಓದು ಬರಹ ಬಾರದ ನಮ್ಮ ಅಪ್ಪ ಭಾಲ್ಕಿಯ ಒಂದು ಸಭೆಯಲ್ಲಿ ಕೇಳಿ, ಮನೆವರೆಗೂ ದಾರಿಯುದ್ದಕ್ಕೂ ಹೇಳಿಕೊಳ್ಳುತ್ತ ಬಂದು ಬಾಯಿಪಾಠ ಮಾಡಿದ್ದ ಸಾಲುಗಳು ಅವು. ನನಗೆ ಕಲಿಸಿದವನು ಅವನೇ. ಹಲ್ಲು ಹೋದ ಮೇಲೆ ‘ಬುದ್ಧಂ ಸರಣಂ’ ಎಂದರೆ ‘ಬುದ್ಧಂ ಹರಣಂ’ ಎಂದು ಬರತೊಡಗಿತು. ಬುದ್ಧನಿಗೆ ಶರಣು ಹೋಗುವ ಬದಲು ಬುದ್ಧನನ್ನೇ ಹಾರಿಸಿಕೊಂಡು ಹೋಗುವ ಮಾತು. ಮುಂದೆ ಕೂತ ಹುಡುಗಿಯರು ಕಿಸಕ್ಕೆಂದರು. ಮುಂದಿನ ಭಾನುವಾರದಿಂದ ನಾನು ಹಿಂದೆ, ಚಪ್ಪಲಿ ಬಿಡುವ ಬಾಗಿಲ ಪಕ್ಕ ಕೂರತೊಡಗಿದೆ. ಎರಡು ವರ್ಷ ಬರೀ ತುಟಿ ಆಡಿಸಿದೆ. ಯಾಕೆ ಹಿಂದೆ ಕೂತಿ ಎಂದು ಒಬ್ಬರೂ ಕೇಳಲಿಲ್ಲ. ಅದು ನನಗೆ ಹಲ್ಲು ಕೀಳಿಸಿಕೊಂಡದ್ದಕ್ಕಿಂತ ಹೆಚ್ಚು ನೋವು ಕೊಟ್ಟಿತು.

ವಿಹಾರದ ಹಿರಿಯರು ಕಾಂಬಳೆ ಸರ್. ಕಾಲೇಜಿನಲ್ಲಿ ಲೆಕ್ಚರರ್ ಆಗಿದ್ದವರು. ಇಪ್ಪತ್ತೆರಡು ಮಂದಿಯ ಶ್ರೀಲಂಕಾ ಯಾತ್ರೆ ಕೂಡಿಸಿದವರು ಅವರೇ. “ಸೂರ್ಯಕಾಂತ, ಅಲ್ಲಿ ವಂದನಾ ನೀವೇ ಹೇಳ್ಬೇಕ್ರಿ. ಈಗಂತೂ ಹಲ್ಲ ಬಂದಾವ” ಎಂದರು. ಪ್ಲಾಸ್ಟಿಕ್ ಹಲ್ಲಿನಲ್ಲಿ ‘ಸ’ ಸುಮಾರಾಗಿ ಬರುತ್ತಿತ್ತು. ಆ ಧೈರ್ಯದ ಮೇಲೆ ಹೂಂ ಅಂದುಬಿಟ್ಟೆ. ಕಾಯಂ ಸಾಲು ಕೂತ ದಿನ ಅದೇ ‘ಸ’ ಸೀಟಿ ಊದಿಕೊಂಡು ಹೊರಬಂತು.

“ನಾಲಿಗಿಗೆ ಹೊಸಾ ಮನಿ ಕಾಕಾ, ಗ್ವಾಡಿ ಎಲ್ಲಿ, ಬಾಗಲಾ ಎಲ್ಲಿ ಅಂತ ಅದಕ್ಕ ಗೊತ್ತಾಗ್ಬೇಕು” ಎಂದರು ಡಾಕ್ಟರಮ್ಮ. “ದಿನಾ ಜೋರಾಗಿ ಪೇಪರ್ ಓದ್ರಿ. ಆರು ವಾರ ಕಡಕ್ ರೊಟ್ಟಿ ಬಂದ್. ಈ ಚೀಟಿ ಪಾಸ್‌ಪೋರ್ಟಿನ ಜೋಡಿ ಇಟ್ಕೋರಿ, ಸ್ಕ್ರೂ ಯಾವ ಕಂಪನಿದು, ಯಾವ ಅಳತಿದು ಅಂತ ಬರ್ದೀನಿ. ದಾರ್ಯಾಗ ಏನರ ಆದ್ರ ಅಲ್ಲಿ ಡಾಕ್ಟರಿಗೆ ತೋರಸ್ರಿ.”

ಪೇಪರ್ ಓದಲು ಬೇಸರ. ನನಗೆ ಗೊತ್ತಿದ್ದ ಪಾಠ ಬಸ್ ಸ್ಟಾಪಿನದು. ಔರಾದ ರೂಟಿನಲ್ಲಿ ಸಂತಪುರ ಬರುತ್ತದೆ. ಬೆಳಿಗ್ಗೆ ಎದ್ದು ಕನ್ನಡಿ ಮುಂದೆ “ಸಂತಪುರ, ಸಂತಪುರ” ಎಂದು ಕೂಗುತ್ತಿದ್ದೆ. ಒಳಗಿನಿಂದ ಹೆಂಡತಿ, “ಸಂತಪುರ ಹೋಗಿ ಹತ್ತು ಮಿನಿಟ್ ಆಯ್ತು. ಇಳೀರಿ ಇನ್ನ, ಚಾ ಆರ್ಲತ್ತದ” ಎನ್ನುತ್ತಿದ್ದಳು.

ಅವಳಿಗೆ ಮೊಣಕಾಲು ನೋವು; ವಿಮಾನದ ಹೆಸರೆತ್ತಿದರೆ ತಲೆ ತಿರುಗುತ್ತದೆ. ಅವಳ ಬದಲು ನನ್ನ ಜೊತೆ ಹೊರಟವಳು ನಮ್ಮಕ್ಕ ಶೇವಂತಾಬಾಯಿ. ಔರಾದ ತಾಲೂಕಿನ ಹಳ್ಳಿಯಲ್ಲಿ ಮಗನ ಮನೆಯಲ್ಲಿದ್ದಾಳೆ. ನನಗಿಂತ ಒಂಬತ್ತು ವರ್ಷ ದೊಡ್ಡವಳು, ಅವ್ವ ಕೂಲಿಗೆ ಹೋದಾಗ ನನ್ನನ್ನು ಸೊಂಟದ ಮೇಲೆ ಹೊತ್ತು ಸಾಕಿದವಳು. ಅವಳ ಹಲ್ಲು ಒಂದೂ ಅಲುಗಿಲ್ಲ. ಅದನ್ನು ದಿನಕ್ಕೊಮ್ಮೆ ನನಗೆ ನೆನಪು ಮಾಡಿ ಕೊಡುತ್ತಾಳೆ.

ಹೈದರಾಬಾದ್, ವಿಮಾನ ನಿಲ್ದಾಣ

ನನ್ನ ಬಾಯಲ್ಲಿ ಆರು ಸ್ಕ್ರೂ ಇವೆ, ಯಂತ್ರ ಕೂಗುತ್ತದೆ ಎಂದು ಹೆದರಿ, ಪೊಲೀಸಪ್ಪನ ಮುಂದೆ ಮೊದಲೇ ಬಾಯಿ ತೆರೆದು ನಿಂತೆ. ಅವನು ಮುಖ ಪಕ್ಕಕ್ಕೆ ತಿರುಗಿಸಿ ಮುಂದೆ ಹೋಗು ಎಂದು ಕೈ ಮಾಡಿದ. ಯಂತ್ರ ಕೂಗಲೇ ಇಲ್ಲ. ಇಷ್ಟು ಕಷ್ಟಪಟ್ಟು ಹಾಕಿಸಿಕೊಂಡದ್ದು ಒಂದು ಸದ್ದೂ ಮಾಡಲಿಲ್ಲವಲ್ಲ ಎಂದು ಸ್ವಲ್ಪ ಬೇಜಾರೇ ಆಯಿತು. ಹಿಂದೆ ಬಂದ ಅಕ್ಕನ ಕಾಲುಂಗುರಕ್ಕೆ, ಕಡಗಕ್ಕೆ, ಸೊಂಟದ ಕೀಲಿಗೊಂಚಲಿಗೆ ಮಾತ್ರ ಅದು ಮೂರು ಸಲ ಹೊಯ್ಕೊಂಡಿತು.

ಪಾಸ್‌ಪೋರ್ಟ್ ನೋಡುವವಳು ಹೆಸರು ಕೇಳಿದಳು. ನನ್ನ ಹೆಸರಿನ ಮೊದಲ ಅಕ್ಷರವೇ ‘ಸೂ’. ಅದು ಕುಕ್ಕರಿನ ಸೀಟಿಯ ಹಾಗೆ ಅವಳ ಗಾಜಿಗೆ ಹೊಡೆಯಿತು. ಅವಳು ತಲೆ ಎತ್ತಿ ನೋಡಿದಳು. ಕಾಂಬಳೆ ಸರ್ ಹಿಂದಿನಿಂದ ನನ್ನ ಭುಜ ತಟ್ಟಿ, “ಫಿಕರ್ ಮಾಡ್ಬ್ಯಾಡ್ರಿ, ಇನ್ನಾ ಟೈಮ್ ಅದ” ಎಂದರು. ಒಳ್ಳೆಯ ಮನುಷ್ಯ. ಆದರೆ ಸಂಸ್ಕೃತ, ಪಾಲಿ ಎರಡೂ ಓದಿದವರು, ಬಾಯಿ ತುಂಬ ಸ್ವಂತ ಹಲ್ಲಿರುವವರು. ಅವರ ಧೈರ್ಯ ಆ ಹೊತ್ತಿಗೆ ನನಗೆ ಕಿರಿಕಿರಿಯಾಗಿಯೇ ಕೇಳಿಸಿತು.

ಕೊಲಂಬೊ ಬಿಟ್ಟ ಮೇಲೆ

ಜೊತೆಯವರೆಲ್ಲ ಸಮುದ್ರ ನೋಡಿದರು, ತೆಂಗಿನ ತೋಟ ನೋಡಿದರು. ನಾನು ಬಸ್ಸು ನೋಡಿದೆ.

ಅಲ್ಲಿನ ಸರಕಾರಿ ಬಸ್ಸು ಕೆಂಪು ಬಣ್ಣದ್ದು. ನಮ್ಮ ಬಸ್ಸಿನಲ್ಲಿ ಹೆಂಗಸರ ಸೀಟು ಎಂದು ಬರೆದಿರುತ್ತದಲ್ಲ, ಹಾಗೆ ಅಲ್ಲಿ ಮುಂದಿನ ಸೀಟು ಭಿಕ್ಷುಗಳಿಗೆ ಎಂದು ಬರೆದಿರುತ್ತದೆ. ಒಬ್ಬ ಭಿಕ್ಷು ಹತ್ತಿದರೆ ಸಾಕು, ಕೂತವನು ಯಾರೂ ಹೇಳದೆ ಎದ್ದು ನಿಲ್ಲುತ್ತಾನೆ. ಹೆಂಗಸರ ಸೀಟಿನಿಂದ ಒಬ್ಬ ಗಂಡಸನ್ನು ಎಬ್ಬಿಸಲು ನಾನು ಭಾಲ್ಕಿಯಿಂದ ಬೀದರ್‌ವರೆಗೆ ಜಗಳವಾಡಿದ್ದು ನೆನಪಾಗಿ, ಮೂವತ್ತೊಂದು ವರ್ಷ ತಪ್ಪು ದೇಶದಲ್ಲಿ ಕೆಲಸ ಮಾಡಿದೆನಲ್ಲ ಅನ್ನಿಸಿತು.

ನಮ್ಮ ಮಿನಿಬಸ್ಸಿನ ಚಾಲಕ ಸುನಿಲ್ ಭಾರತದ ಯಾತ್ರಿಕರನ್ನು ತಿರುಗಿಸಿ ತಿರುಗಿಸಿ ಹಿಂದಿ ಕಲಿತವನು. ನಮ್ಮ ಬೀದರ್‌ನ ದಖನಿ ಹಿಂದಿ ಕೇಳಿ ಅವನಿಗೆ ನಗು, ಅವನ ಹಿಂದಿ ಕೇಳಿ ನಮಗೆ ನಗು. ಚಹಾಕ್ಕೆ ನಿಂತಲ್ಲಿ ಅವನನ್ನು ಕಾಡಿ, ಒಂದೇ ಒಂದು ಸ್ಟಾಪು ಊರಿನ ಬಸ್ಸಿನಲ್ಲಿ ಹೋಗುತ್ತೇನೆ, ನೀನು ಹಿಂದೆ ಬಾ ಎಂದು ಒಪ್ಪಿಸಿದೆ. ಆ ಬಸ್ಸಿನ ಕಂಡಕ್ಟರ್ ನನ್ನಂಥದೇ ಹೊಟ್ಟೆಯವನು, ಪೆನ್ನು ಕಿವಿಯ ಹಿಂದೆ. ಬಾಗಿಲಲ್ಲಿ ಜೋತುಬಿದ್ದು “ಇಸ್ಸರಹಟ, ಇಸ್ಸರಹಟ!” ಎಂದು ಕೂಗುತ್ತಿದ್ದ. ಮುಂದೆ ಸರಿಯಿರಿ ಎಂದು ಅರ್ಥ. ಕೇಳದೆಯೇ ನನಗೆ ಗೊತ್ತಾಯಿತು. ನಾನು ದಿನಕ್ಕೆ ಮುನ್ನೂರು ಸಲ “ಮುಂದ ಸರೀರಿ” ಎಂದವನು. ಆದರೆ ಆ ‘ಇಸ್ಸ’! ಒಂದು ಶಬ್ದದೊಳಗೆ ಒತ್ತಿ ಹೇಳುವ ಎರಡು ‘ಸ’. ಎಳನೀರು ಕುಡಿದ ಹಾಗೆ ಸಲೀಸಾಗಿ ಹೇಳುತ್ತಿದ್ದ. ನಾನು ಸೀಟಿಗೆ ಆತು ಕೂತು, ಪಕ್ಕದವರಿಗೆ ಕೇಳದಂತೆ “ಇಸ್ಸ, ಇಸ್ಸ” ಎಂದು ಅಭ್ಯಾಸ ಮಾಡಿದೆ. ಪಕ್ಕದ ಹೆಂಗಸು ನನಗೆ ಎಲ್ಲೋ ಉರಿಯುತ್ತಿದೆ ಎಂದು ತಿಳಿದು ನೀರಿನ ಬಾಟಲಿ ಕೊಟ್ಟಳು.

ಕ್ಯಾಂಡಿ

ಕ್ಯಾಂಡಿಯಲ್ಲಿ ಕೆರೆಯ ದಂಡೆಗೆ ಬುದ್ಧನ ಹಲ್ಲನ್ನು ಇಟ್ಟು ಪೂಜಿಸುವ ಗುಡಿ ಇದೆ. ಅದರ ಹೆಸರು ದಳದಾ ಮಾಳಿಗಾವ. ದಳದಾ ಎಂದರೆ ಹಲ್ಲು, ಮಾಳಿಗಾವ ಎಂದರೆ ಅರಮನೆ ಎಂದು ಕಾಂಬಳೆ ಸರ್ ಊರು ಬಿಡುವ ಮೊದಲೇ ಎಲ್ಲರನ್ನೂ ಕೂಡಿಸಿ ಹೇಳಿದ್ದರು. ಅಕ್ಕ ‘ಹಲ್ಲು’ ಕೇಳಿಸಿಕೊಂಡಳು, ‘ಮಾಳಿಗಾವ’ ಕೇಳಿಸಿಕೊಂಡಳು, ‘ಅರಮನೆ’ಯ ಹೊತ್ತಿಗೆ ಅವಳ ಲಕ್ಷ್ಯ ಬೇರೆ ಕಡೆ ಹೋಗಿತ್ತು. ನಮ್ಮಲ್ಲಿ ಮಾಳಿಗಿ ಅಂದರೆ ಮನೆಯ ಮೇಲಿನ ಮಣ್ಣಿನ ಚಾವಣಿ. ಮಕ್ಕಳ ಹಾಲುಹಲ್ಲು ಬಿದ್ದರೆ ಸಗಣಿ ಉಂಡೆಯಲ್ಲಿ ಇಟ್ಟು ಮಾಳಿಗಿ ಮೇಲೆ ಒಗೆಯುತ್ತಾರೆ, ಹೊಸ ಹಲ್ಲು ಗಟ್ಟಿಯಾಗಿ ಬರಲಿ ಎಂದು. ನನ್ನ ಹಾಲುಹಲ್ಲನ್ನೆಲ್ಲ ಒಗೆದವಳು ಅವಳೇ.

ಗುಡಿಯ ಬಾಗಿಲಲ್ಲಿ ತಪಾಸಣೆ. ಕಾವಲಿನ ಹೆಂಗಸು ಅಕ್ಕನ ಕೈಚೀಲದಿಂದ ಒಂದು ಸುಣ್ಣದ ಡಬ್ಬಿ ತೆಗೆದು, ಮುಚ್ಚಳ ಬಿಚ್ಚಿ, ಹಾಗೇ ನಿಂತುಬಿಟ್ಟಳು. ಇನ್ನೊಬ್ಬಳನ್ನು ಕರೆದಳು. ಆಮೇಲೆ ಒಬ್ಬ ಸಾಹೇಬ ಬಂದ. ನಾನು ಇಣುಕಿ ನೋಡಿದೆ. ಡಬ್ಬಿಯಲ್ಲಿ ಒಂಬತ್ತು ಹಲ್ಲು, ತಂಬಾಕಿನ ಕಲೆ ಸಮೇತ. ನನ್ನವೇ.

“ಅಕ್ಕಾ, ಇದೇನಿದು?”

“ಡಾಕ್ಟರಮ್ಮನ ಹತ್ರ ಕೇಳಿ ಇಸ್ಕೊಂಡಿದ್ದೆ. ನಿಮ್ದು ಸ್ಲ್ಯಾಬಿನ ಮನಿ, ಮಾಳಿಗಿ ಎಲ್ಲದ? ಹಲ್ಲಿಂದೇ ಮಾಳಿಗಿ ಅದ ಅಂದ್ರಲ್ಲ ಇಲ್ಲಿ, ಅದಕ್ಕ ತಂದೀನಿ. ಹಳೀವು ಒಗೀದಿದ್ರ ಹೊಸಾವು ಹ್ಯಾಂಗ ಬೇರ್ ಬಿಡ್ತಾವೋ ಸೂರ್ಯಾ?”

ಜಗತ್ತಿನ ಬೌದ್ಧರೆಲ್ಲ ಒಂದು ಹಲ್ಲಿನ ದರ್ಶನಕ್ಕೆ ಬರುವ ಗುಡಿಗೆ ನಮ್ಮಕ್ಕ ಒಂಬತ್ತು ಹಲ್ಲು ತಂದಿದ್ದಳು. ನನಗೆ ನಾಚಿಕೆಯಿಂದ ನೆಲ ಬಾಯಿ ಬಿಡಬಾರದೇ ಅನ್ನಿಸಿತು. ಸುನಿಲ್ ಓಡಿ ಬಂದು ಸಿಂಹಳದಲ್ಲಿ ಏನೋ ವಿವರಿಸಿದ. ಸಾಹೇಬನ ಮುಖ ಬಿಗಿದೇ ಇತ್ತು. ಆದರೆ ಕಾವಲಿನ ಹೆಂಗಸು ಬಾಯಿಗೆ ಕೈ ಅಡ್ಡ ಹಿಡಿದು ನಗತೊಡಗಿದಳು. ಅವರ ಊರಲ್ಲೂ ಹಾಲುಹಲ್ಲನ್ನು ಮನೆ ಮಾಡಿನ ಮೇಲೆ ಒಗೆಯುತ್ತಾರಂತೆ. ಒಗೆಯುವಾಗ ಅಳಿಲಿಗೆ, ಅವರ ಭಾಷೆಯಲ್ಲಿ ‘ಲೇನಾ’, ಈ ಹಲ್ಲು ತಗೋ, ಹೊಸದು ಕೊಡು ಎಂದು ಹೇಳಬೇಕಂತೆ. ಅದನ್ನು ಅವಳು ಕೈ ಬೀಸಿ ತೋರಿಸಿದಳು. ಅಕ್ಕ ಅವಳ ಗದ್ದ ಹಿಡಿದು ನೆಟಿಗೆ ಮುರಿದಳು. ಡಬ್ಬಿಯನ್ನು ಚಪ್ಪಲಿ ಇಡುವಲ್ಲಿ ಬಿಟ್ಟು ಒಳಗೆ ಹೋಗಬೇಕೆಂದು ತೀರ್ಮಾನವಾಯಿತು.

ಒಳಗೆ ಡೋಲು ಬಾರಿಸುತ್ತಿದ್ದರು. ಹೂವಿನ ತಟ್ಟೆ ಹಿಡಿದ ಜನ ಮೆಟ್ಟಿಲ ಮೇಲೆ ಒತ್ತಿಕೊಂಡು ಸಾಗುತ್ತಿದ್ದರು. ಹಲ್ಲಿಟ್ಟ ಬಂಗಾರದ ಕರಂಡಕ ಕಂಡಿತು ಅನ್ನುವಷ್ಟರಲ್ಲಿ ಹಿಂದಿನವರು ನಮ್ಮನ್ನು ಮುಂದೆ ತಳ್ಳಿದ್ದರು. ನಿಂತು ವಂದನೆ ಹೇಳುವ ಜಾಗವೇ ಅಲ್ಲ ಅದು. ಹೊರಗೆ ಬಂದು ಕಾಂಬಳೆ ಸರ್, “ಅನುರಾಧಪುರದಾಗ ಬೋಧಿ ಗಿಡದ ಬಾಜೂಕ ಕೂತು ಶಾಂತ ಹೇಳೋಣ್ರಿ” ಎಂದರು. ಪರೀಕ್ಷೆ ಎರಡು ದಿನ ಮುಂದಕ್ಕೆ ಹೋಯಿತು. ನನಗೆ ಬಿಡುಗಡೆಯೂ ಅನ್ನಿಸಿತು, ಬಂದ ದಾರಿಗೆ ಸುಂಕವಿಲ್ಲ ಎಂಬ ಹಾಗೂ ಅನ್ನಿಸಿತು.

ಮರುದಿನ ಬೆಳಿಗ್ಗೆ ನಾವಿಳಿದುಕೊಂಡಿದ್ದ ಮನೆಯ ಅಂಗಳದಲ್ಲಿ ಅಕ್ಕ ಹಲ್ಲು ಒಗೆದಳು. ನಮ್ಮ ಮಾಳಿಗಿ ಸಪಾಟು, ಹೋದದ್ದು ಅಲ್ಲೇ ಉಳಿಯುತ್ತದೆ. ಅಲ್ಲಿಯದು ಇಳಿಜಾರು ಹೆಂಚು. ಒಂಬತ್ತರಲ್ಲಿ ನಾಲ್ಕು ಉರುಳಿ ಉರುಳಿ ಅವಳ ಕಾಲ ಬಳಿಯೇ ಬಂದು ಬಿದ್ದವು. ಬಿಡದೆ ಆಯ್ದು ಆಯ್ದು ಒಗೆದಳು. ಅಡುಗೆಯ ಹೆಂಗಸು ಬಂದು ನೋಡಿ, ಏನೂ ಕೇಳದೆ, ಕೊನೆಯದನ್ನು ತಾನೇ ತೆಗೆದುಕೊಂಡು ಹೆಂಚಿನ ನೆತ್ತಿಗೆ ಗುರಿಯಿಟ್ಟು ಎಸೆದಳು. ಅದು ಅಲ್ಲೇ ನಿಂತಿತು.

ಡಂಬುಲ್ಲದ ದಾರಿ

ಇಲ್ಲಿ ನನ್ನ ತಪ್ಪು ಒಪ್ಪಿಕೊಳ್ಳಬೇಕು.

ನಾಲ್ಕು ದಿನದಿಂದ ಕೆಂಪಕ್ಕಿ ಅನ್ನ, ತೆಂಗಿನಕಾಯಿ, ಮೀನಿನ ಪುಡಿ. ಅವರ ಊಟಕ್ಕೆ ಹೆಸರಿಡುವುದಿಲ್ಲ. ಬಡಿಸುವವರು ಎರಡನೇ ಸಲ ಬೇಡ ಎಂದರೆ ಮುಖ ಸಣ್ಣದು ಮಾಡುತ್ತಾರೆ. ಆದರೂ ಜೋಳದ ಹೊಟ್ಟೆ ಕೇಳಬೇಕಲ್ಲ. ಅಕ್ಕ ಔರಾದದಿಂದ ಒಂದು ಗಂಟು ಕಡಕ್ ರೊಟ್ಟಿ ತಂದಿದ್ದಳು. ಪ್ರಯಾಣಕ್ಕೆಂದು ಒಣಗಿಸಿದ ತೆಳು ಜೋಳದ ರೊಟ್ಟಿ, ಮುರಿದರೆ ಹಪ್ಪಳದ ಸದ್ದು. ಬಸ್ಸಿನಲ್ಲಿ ಎಲ್ಲರಿಗೂ ಹಂಚಿದಳು. ಇಪ್ಪತ್ತೊಂದು ಬಾಯಿ ಒಟ್ಟಿಗೆ ಕಟಕಟ ಅಂದವು. ನನಗೆ ಮಾತ್ರ ಚಹಾದಲ್ಲಿ ಅದ್ದಿ ಕೊಟ್ಟಳು, ಹಸುಗೂಸಿಗೆ ಕೊಟ್ಟ ಹಾಗೆ. ಹಲ್ಲು ಕಚ್ಚಿಕೊಂಡು ಸಹಿಸೋಣವೆಂದರೆ ಡಾಕ್ಟರಮ್ಮ ಅದನ್ನೂ ಬೇಡ ಎಂದಿದ್ದರು.

ಅಕ್ಕನ ಕಣ್ಣು ಮುಚ್ಚಿತು, ನನ್ನ ಕೈ ಗಂಟಿಗೆ ಹೋಯಿತು. ಶೇಂಗಾ ಹಿಂಡಿ ಹಚ್ಚಿ ಬಲಗಡೆಯಿಂದ ಕಚ್ಚಿದೆ. ಆಹಾ! ಎರಡು ವರ್ಷದ ಮೇಲೆ ನನ್ನ ತಲೆಬುರುಡೆಯೊಳಗೆ ಆ ಸದ್ದು ಕೇಳಿದೆ. ಎರಡನೇ ರೊಟ್ಟಿಯ ಕೊನೆಗೆ ಬೇರೊಂದು ಸದ್ದು ಬಂತು, ಟಕ್. ನಾಲಿಗೆಯಿಂದ ಒತ್ತಿ ನೋಡಿದೆ. ಬಲಗಡೆ ಸಾಲು ಕೂದಲೆಳೆಯಷ್ಟು ಎದ್ದು ಕೂತಿತು. ಬಾಯಿ ಮುಚ್ಚಿಕೊಂಡು ಕಿಟಕಿ ಕಡೆ ತಿರುಗಿದೆ. ಯಾರಿಗೂ ಹೇಳಲಿಲ್ಲ.

ಅನುರಾಧಪುರ, ಬೆಳಿಗ್ಗೆ

ಅನುರಾಧಪುರದ ನೆಲ ನೋಡಿ ನಮ್ಮ ಬೀದರ್ ಕಡೆಯ ಬಗದಲ್‌ನ ಹೊಲ ನೆನಪಾಯಿತು. ಅದೇ ಕೆಂಪು, ಅದೇ ಒಣಗಾಳಿ. ಅಲ್ಲಿ ಬೋಧಿವೃಕ್ಷವಿದೆ, ಬುದ್ಧ ಕೂತಿದ್ದ ಗಿಡದ ಟೊಂಗೆ ತಂದು ನೆಟ್ಟದ್ದೆಂದು ಅವರು ನಂಬುತ್ತಾರೆ. ಬಿಳಿ ಬಟ್ಟೆಯ ಜನ ಮರಳಿನ ಮೇಲೆ ಅಲ್ಲಲ್ಲಿ ಕೂತಿದ್ದರು. ಯಾರೂ ಯಾರನ್ನೂ ತಳ್ಳುತ್ತಿರಲಿಲ್ಲ. ನಾವೂ ಬಿಳಿ ಉಟ್ಟು ಸಾಲಾಗಿ ಕೂತೆವು. ಕಾಂಬಳೆ ಸರ್ ನನ್ನನ್ನು ಎಲ್ಲರ ಮುಂದೆ ಕೂಡಿಸಿದರು.

ನಾಲಿಗೆಯಿಂದ ಸಾಲನ್ನು ಮೇಲಕ್ಕೊತ್ತಿ ಹಿಡಿದುಕೊಂಡೇ ಹೇಳಿದರಾಯಿತು ಎಂದು ಲೆಕ್ಕ ಹಾಕಿದ್ದೆ. ನಾಲಿಗೆ ಹಲ್ಲು ಹಿಡಿದುಕೊಂಡರೆ ಮಾತಾಡುವವರು ಯಾರು? ವಂದನೆಯ ಮೊದಲ ಸಾಲು, ‘ನಮೋ ತಸ್ಸ ಭಗವತೋ ಅರಹತೋ ಸಮ್ಮಾಸಂಬುದ್ಧಸ್ಸ’. ಕೊನೆಯ ಶಬ್ದ ಒಂದರಲ್ಲೇ ನಾಲ್ಕು ‘ಸ’. ಒಂದಾದ ಮೇಲೊಂದು ನಾಲ್ಕು ಸ್ಪೀಡ್ ಬ್ರೇಕರ್. ‘ತಸ್ಸ’ದಲ್ಲೇ ಸೀಟಿ ಹೊಡೆಯಿತು. ‘ಸಮ್ಮಾ’ ಅನ್ನುವಾಗ ಸಾಲು ಟಕ್ ಎಂದು ಎದ್ದು ಬಿತ್ತು, ಆ ಶಾಂತಿಯಲ್ಲಿ ಮೂರನೇ ಸಾಲಿನವರೆಗೂ ಕೇಳಿಸುವ ಹಾಗೆ. ನಾನು ಕೈಯಿಂದ ಬಾಯಿ ಮುಚ್ಚಿಕೊಂಡೆ. ನಮ್ಮವರೇ ಯಾರೋ ಸೆರಗಿನೊಳಗೆ ನಕ್ಕರು. ಬಿಟ್ಟಲ್ಲಿಂದ ಕಾಂಬಳೆ ಸರ್ ಎತ್ತಿಕೊಂಡರು. ಅವರ ಧ್ವನಿ ಚೆನ್ನಾಗಿತ್ತು. ಎಲ್ಲರೂ ಅವರ ಹಿಂದೆ ಹೇಳಿದರು.

ನನಗೆ ಅಳು ಬಂತು. ಅರವತ್ತೆರಡು ವರ್ಷದ ಗಂಡಸು, ಬೋಧಿವೃಕ್ಷದ ಮುಂದೆ, ತನಗೆ ಒಂದು ಅಕ್ಷರ ಬರುವುದಿಲ್ಲವೆಂದು ಕಣ್ಣು ಒರೆಸಿಕೊಳ್ಳುತ್ತ ಕೂತಿದ್ದೆ. ಊರಿಗೆ ಹೋದ ಮೇಲೆ ಮತ್ತೆ ಚಪ್ಪಲಿ ಪಕ್ಕದ ಜಾಗ, ಇನ್ನು ಅದೇ ಕಾಯಂ ಎಂದು ಗಟ್ಟಿ ಮಾಡಿಕೊಂಡೆ.

ಎದ್ದು ಬರುವಾಗ ಅಕ್ಕ ನನ್ನ ರಟ್ಟೆ ಹಿಡಿದು ಪಕ್ಕಕ್ಕೆ ಎಳೆದಳು. “ರೊಟ್ಟಿ ತಿಂದಿ, ಹೌದಲ್ಲೋ?”

“ಒಂದ್ ತುಣಕ.”

“ಎಷ್ಟ್ ತುಣಕ?”

“ಎರಡು ರೊಟ್ಟಿ.”

ಅವಳು ಬೈಯಲಿಲ್ಲ. “ಚೀಟಿ ತಗಿ” ಎಂದಳು.

ಅದೇ ಮಧ್ಯಾಹ್ನ

“ಬ್ಯಾಡ ಅಕ್ಕಾ, ಊರಿಗ್ ಹೋಗಿ ತೋರಸ್ತೇನಿ” ಎಂದೆ. ಅವಳು ಕೇಳಲಿಲ್ಲ. ಸುನಿಲ್ ನಮ್ಮಿಬ್ಬರನ್ನು ಕೆರೆ ಏರಿಯ ಹತ್ತಿರದ ಒಂದು ಸಣ್ಣ ದವಾಖಾನೆಗೆ ಕರೆದೊಯ್ದ. ಉಳಿದವರು ಸ್ತೂಪ ನೋಡಲು ಹೋದರು. ದವಾಖಾನೆ ಎಂದರೆ ಎರಡು ಕೋಣೆ, ನಡುವೆ ಬಟ್ಟೆಯ ಪರದೆ. ಹೊರಗೆ ಬೆಂಚಿನ ಮೇಲೆ ಮೂವರು ಕಾಯುತ್ತಿದ್ದರು. ಅವರಲ್ಲಿ ಒಬ್ಬ ದೊಡ್ಡ ಆಳು, ದವಡೆ ಬಾತು, ಆಗಲೇ ಇಂಜೆಕ್ಷನ್ ಹಾಕಿಸಿಕೊಂಡು ಮರಗಟ್ಟಲೆಂದು ಕೂತಿದ್ದ. ವಿದೇಶದವರು ಎಂದು ನನ್ನನ್ನು ಮೊದಲು ಒಳಗೆ ಬಿಟ್ಟರು.

ಡಾಕ್ಟರು ನಲವತ್ತರ ಆಸುಪಾಸಿನ ಹೆಂಗಸು. ಜೊತೆಗೆ ತಲೆ ನೆರೆತ ನರ್ಸು. ಬೀದರ್‌ನ ಚೀಟಿಯನ್ನು ಎರಡು ಸಲ ಓದಿದರು. ಚೆನ್ನಾಗಿ ಬರೆದಿದ್ದಾರೆ, ಇದಿಲ್ಲದಿದ್ದರೆ ನಾನು ಮುಟ್ಟುತ್ತಿರಲಿಲ್ಲ ಎಂದು ಇಂಗ್ಲಿಷಿನಲ್ಲಿ ಹೇಳಿದರು. ಏನು ತಿಂದಿರಿ ಎಂದು ಕೇಳಿದರು. ಅಕ್ಕ ಚೀಲದಿಂದ ಸಾಕ್ಷಿ ತೆಗೆದು ಕೊಟ್ಟಳು. ಡಾಕ್ಟರು ಆ ರೊಟ್ಟಿಯನ್ನು ಸ್ಟೀಲ್ ಟ್ರೇ ಮೇಲೆ ಬಡಿದು ನೋಡಿದರು, ಠಣ್ ಎಂದಿತು. ನರ್ಸು ಒಂದು ಚೂರು ಮುರಿದು ಬಾಯಿಗೆ ಹಾಕಿಕೊಂಡು, ಅಗಿಯುತ್ತ ಅಗಿಯುತ್ತ ನನ್ನ ಕಡೆ ಕನಿಕರದಿಂದ ನೋಡಿದಳು.

ಸ್ಕ್ರೂ ಇರುವ ತೂತುಗಳನ್ನು ಹಲ್ಲಿನ ಬಣ್ಣದ ಸಿಮೆಂಟಿನಿಂದ ಮುಚ್ಚಿರುತ್ತಾರೆ. ಬಲಗಡೆಯ ಒಂದನ್ನು ಕೊರೆದು ತೆಗೆದರು. ಸರಿಯಾದ ಅಳತೆಯ ಚಾವಿ ಮೂರನೇ ಡ್ರಾಯರಿನಲ್ಲಿ ಸಿಕ್ಕಿತು. ಎಲುಬಿನೊಳಗಿನ ಸ್ಕ್ರೂಗೆ ಏನೂ ಆಗಿಲ್ಲ, ಸಾಲನ್ನು ಅದಕ್ಕೆ ಬಿಗಿಯುವ ಮೇಲಿನ ಪುಟ್ಟ ಸ್ಕ್ರೂ ಮಾತ್ರ ಸಡಿಲಾಗಿದೆ ಎಂದರು. ಆ ಚಾವಿಯನ್ನು ಸಣ್ಣ ಪಾನಾಕ್ಕೆ ಸಿಕ್ಕಿಸಿ ತಿರುಗಿಸಿದಾಗ, ಇಷ್ಟು ಸಾಕು ಅನ್ನುವ ಹಾಗೆ ಪಾನಾವೇ ‘ಕಟ್’ ಎಂದು ಸದ್ದು ಮಾಡಿತು. ಉಳಿದ ಐದನ್ನೂ ನೋಡಿ, ಮತ್ತೆ ಸಿಮೆಂಟು ತುಂಬಿ, ನೀಲಿ ದೀಪ ಹಿಡಿದರು.

ಆಮೇಲೆ ಮಾತಾಡಿ ನೋಡಬೇಕು, ಇಂಗ್ಲಿಷಿನಲ್ಲಿ ಅರವತ್ತರಿಂದ ಎಪ್ಪತ್ತರವರೆಗೆ ಎಣಿಸಿ ಎಂದರು. ಸಿಕ್ಸ್ಟಿ ಎನ್ನಲು ಹೋಗಿ ಸೀಟಿ. ಸಿಕ್ಸ್ಟಿ ಸಿಕ್ಸ್ ಹೊತ್ತಿಗೆ ಎರಡು ಸೀಟಿ. ನಾನು ಬೆವೆತೆ. ಹಲ್ಲು ಗಟ್ಟಿಯಾಗಿದೆ, ಈಗ ಹೆದರಿಕೆ ಸೀಟಿ ಹೊಡೆಯುತ್ತಿದೆ, ಇಂಗ್ಲಿಷ್ ಬಿಡಿ ಎಂದರು ಡಾಕ್ಟರು. ಈ ಅಕ್ಷರ ತುಂಬ ಬರುವ ಮಾತು, ಯೋಚನೆ ಮಾಡದೆ ನಿಮ್ಮ ಬಾಯಿಗೆ ಬರುವಂಥದು, ಯಾವುದಾದರೂ ಹೇಳಿ.

ಯೋಚನೆ ಮಾಡದೆ ನನ್ನ ಬಾಯಿಗೆ ಬರುವುದು ಒಂದೇ. ಕುರ್ಚಿಯಲ್ಲಿ ಹಿಂದಕ್ಕೆ ವಾಲಿಕೊಂಡು, ಎದೆಯ ಮೇಲೆ ಪ್ಲಾಸ್ಟಿಕ್ ಬಟ್ಟೆ, ಕಣ್ಣಿಗೆ ದೀಪ ಹೊಡೆಯುತ್ತಿದ್ದ ಹಾಗೆಯೇ ಹೇಳಿದೆ. “ನಮೋ ತಸ್ಸ ಭಗವತೋ ಅರಹತೋ ಸಮ್ಮಾಸಂಬುದ್ಧಸ್ಸ.”

ಟ್ರೇ ಕೆಳಗಿಟ್ಟ ಸದ್ದಾಯಿತು. ಡಾಕ್ಟರು ಸ್ಟೂಲಿನಿಂದ ಎದ್ದು ನಿಂತಿದ್ದರು. ಕೈಗವಸು ಕಳಚಿ ಕೈ ಮುಗಿದು, ಅದೇ ಸಾಲನ್ನು ಅವರ ಊರಿನ ರಾಗದಲ್ಲಿ ಹೇಳಿದರು. ನರ್ಸು ಹೇಳಿದಳು. ಪರದೆಯ ಆಚೆಯಿಂದ ಬೆಂಚಿನವರು ಹೇಳಿದರು. ಅವರ ಪಾಲಿಗೆ ಅದು ಪರೀಕ್ಷೆಯಾಗಿರಲಿಲ್ಲ. ಒಬ್ಬರು ಸಾಲು ಕೊಟ್ಟರು, ಉಳಿದವರು ಹೇಳಬೇಕು; ಅಷ್ಟೇ. ಆ ಸಾಲನ್ನು ಮೂರು ಸಲ ಹೇಳುವುದು ರೂಢಿ. ಅವರು ಎರಡನೆಯದಕ್ಕೆ ಕಾಯುತ್ತ ನಿಂತರು.

ನಾನು ಏಳಲು ನೋಡಿದೆ. ಡಾಕ್ಟರು ತಲೆಯಾಡಿಸಿ, ಹಾಗೇ ಇರಿ ಎಂದು ಸನ್ನೆ ಮಾಡಿದರು. ಮಲಗಿದಲ್ಲೇ ಕೈ ಮುಗಿದು ಎರಡನೇ ಸಲ ಹೇಳಿದೆ. ‘ತಸ್ಸ’ದಲ್ಲಿ ಸಣ್ಣ ಸೀಟಿ ಇತ್ತು. ನನಗೆ ಸ್ಪಷ್ಟವಾಗಿ ಕೇಳಿಸಿತು, ಅವರಿಗೂ ಕೇಳಿಸಿರಬೇಕು. ಯಾರೂ ನಗಲಿಲ್ಲ. ಹೊರಗಿನ ಆ ದೊಡ್ಡ ಆಳು, ಇಂಜೆಕ್ಷನ್ನಿಗೆ ತುಟಿ ನಾಲಿಗೆ ಎಲ್ಲ ಮರಗಟ್ಟಿದವನು, ಎಲ್ಲರಿಗಿಂತ ಗಟ್ಟಿಯಾಗಿ ಹೇಳುತ್ತಿದ್ದ. ಅವನ ಬಾಯಲ್ಲಿ ಒಂದು ಅಕ್ಷರವೂ ಅಕ್ಷರವಾಗಿ ಉಳಿದಿರಲಿಲ್ಲ. ಅಅಅ, ವವವ, ಅಷ್ಟೇ. ಅವನಿಗೆ ನಾಚಿಕೆ ಎಂಬುದು ತಿಳಿದೇ ಇರಲಿಲ್ಲ. ಪಕ್ಕದವರು ಅವನ ಕಡೆ ತಿರುಗಿಯೂ ನೋಡಿದಂತಿರಲಿಲ್ಲ. ಬರೀ ತುಟಿ ಆಡಿಸಿ ಕಳೆದ ಆ ಎರಡು ವರ್ಷಗಳ ಮೇಲೆ ನನಗೆ ಸಿಟ್ಟು ಬಂತು.

ಮೂರನೇ ಸಲ ಹೇಳಿದೆ. ಅಕ್ಕ ಬಾಗಿಲ ಬಳಿ ಸೆರಗು ತಲೆಗೆ ಹೊದ್ದು, ಕಣ್ಣು ಮುಚ್ಚಿ ಹೇಳುತ್ತಿದ್ದಳು. ಮುಗಿಯಿತು ಎಂದು ನಾನು ಕೈ ಇಳಿಸಿದೆ. ಅವರು ಇಳಿಸಲಿಲ್ಲ. ನಮೋ ತಸ್ಸ ಆದ ಮೇಲೆ ತ್ರಿಸರಣ ಬರಬೇಕು. ಅದನ್ನು ನಡುವೆ ಬಿಟ್ಟು ಹೋಗುವುದುಂಟೇ? ಡಾಕ್ಟರು, ನರ್ಸು, ಪರದೆ ಸರಿಸಿ ಬಾಗಿಲಿಗೆ ಬಂದು ನಿಂತ ಆ ಮೂವರು, ನಮ್ಮಕ್ಕ, ಎಲ್ಲರೂ ಮುಂದಿನ ಸಾಲಿಗಾಗಿ ನನ್ನ ಬಾಯಿಯನ್ನೇ ನೋಡುತ್ತ ನಿಂತಿದ್ದರು.

“ಬುದ್ಧಂ ಸರಣಂ ಗಚ್ಛಾಮಿ” ಎಂದೆ.